ಹಳೆ ಬೈಕ್ ಸ್ಟಾರ್ಟ್ ಆಗದಿದ್ದಾಗ, ಹೊಗೆ ಉಗುಳಿದಾಗ, ದಾರಿಯಲ್ಲಿ ನಿಂತಾಗ: ದೋಷ ಹುಡುಕುವ ಕ್ರಮ

ಹಳೆ ಬೈಕ್ ಕೆಟ್ಟು ನಿಂತರೆ ಏನಾಗಿದೆ ಅಂತ ಅದೇ ಹೇಳುತ್ತದೆ. ಕಂಪ್ಯೂಟರ್ ಬೇಡ, ಸ್ಕ್ಯಾನರ್ ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ, ಸೈಲೆನ್ಸರ್ ಹಿಂದೆ ನಿಂತು ನೋಡಿದರೆ ಇನ್ನರ್ಧ. ಜಾವಾ, ಬುಲೆಟ್, ಬಿಎಸ್‌ಎ, ಟ್ರಯಂಫ್, ಯಮಹಾ ಆರ್‌ಡಿ 350 ತರಹದ ಗಾಡಿಗಳನ್ನು ಜನ ಇವತ್ತಿಗೂ ಬಿಡದೆ ಇಟ್ಟುಕೊಂಡಿರುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ಇದೇ. ಅಂದ, ಸದ್ದು ಎಲ್ಲ ಇದ್ದೇ ಇದೆ. ಆದರೆ ಕೆಟ್ಟದ್ದನ್ನು ನಾವೇ ಹುಡುಕಿ, ನಮ್ಮ ಕೈಯಾರೆ ಸರಿ ಮಾಡಿ, ಅದೇ ಗಾಡಿ ಹತ್ತಿ ಹೋಗುವ ಖುಷಿ ಬೇರೆಯೇ.

ಇಲ್ಲಿ ಬರೆದಿರುವುದು ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ), ಕಾಂಟ್ಯಾಕ್ಟ್ ಪಾಯಿಂಟ್ (ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸುವ ಸ್ವಿಚ್), ಕಿಕ್ಕರ್ ಇರುವ ಹಳೆ ಗಾಡಿಗಳಿಗೆ. ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎರಡಕ್ಕೂ ಹೊಂದುತ್ತದೆ. ಬೇರೆ ಆಗುವ ಕಡೆ ಹೇಳಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಒಂದನ್ನೇ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ ನೋಡಿ. ಪ್ಲಗ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ), ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ಎಲ್ಲ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿ ಹೋದರೂ ಕಾರಣ ತಿಳಿಯಲ್ಲ. ಸರಿ ಹೋಗದಿದ್ದರಂತೂ ಹಳೆ ದೋಷದ ಜೊತೆ ಹೊಸದೊಂದು ಸೇರಿಕೊಂಡಿರುತ್ತದೆ. ಗಾಡಿಯ ಜೊತೆ ಬಂದ ಮೂಲ ಪಾರ್ಟ್ ಒಂದನ್ನೂ ಎಸೆಯಬೇಡಿ. ಹೊಸದಾಗಿ ತಂದದ್ದೆಲ್ಲ ಹಳೆಯದಕ್ಕಿಂತ ಚೆನ್ನಾಗಿರುತ್ತದೆ ಅಂತೇನಿಲ್ಲ.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತುವ ಹೊತ್ತಿಗೆ ತಡವಾಗಿರುತ್ತದೆ. ಪೆಟ್ರೋಲ್ ಬಿಚ್ಚಿಟ್ಟ ಜಾಗದಲ್ಲಿ ಸ್ಪಾರ್ಕ್ ಪರೀಕ್ಷೆ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ.

ಕಿಕ್ಕರ್ ಕೆಳಗೆ ಇಳಿಯುವುದೇ ಇಲ್ಲ

ವರ್ಷಗಟ್ಟಲೆ ನಿಂತಿದ್ದ ಗಾಡಿ ಕೊಂಡವರಿಗೆ ಮೊದಲು ಎದುರಾಗುವುದು ಇದೇ. ಇಲ್ಲಿ ಅವಸರ ಮಾಡಿದರೆ ಕೆಟ್ಟಿತು ಅಂತಲೇ ಲೆಕ್ಕ. ಕಿಕ್ಕರ್ ಮೇಲೆ ಹತ್ತಿ ಕುಣಿಯುವುದು, ಅದಕ್ಕೆ ಪೈಪ್ ಸಿಕ್ಕಿಸಿ ಒತ್ತುವುದು, ಗೇರಿಗೆ ಹಾಕಿ ತಳ್ಳಿಸುವುದು ಯಾವುದೂ ಬೇಡ. ಪಿಸ್ಟನ್ನಿನ ತುಕ್ಕು ಹಿಡಿದ ರಿಂಗ್ ಮುರಿಯುತ್ತದೆ, ಇಲ್ಲವೇ ಕಿಕ್ಕರಿನ ಒಳಗಿನ ಹಲ್ಲು ಹೋಗುತ್ತದೆ.

ಮೊದಲು ಗಾಡಿ ನ್ಯೂಟ್ರಲ್‌ನಲ್ಲಿದೆಯಾ ನೋಡಿ. ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರೇ ಕಿಕ್ಕರ್. ಅದು ಪೂರ್ತಿ ತಿರುಗಿ ಕೂತಿದೆಯಾ ಗಮನಿಸಿ. ಆಮೇಲೆ ಪ್ಲಗ್ ಬಿಚ್ಚಿ, ಟಾರ್ಚ್ ಹಾಕಿ ರಂಧ್ರದೊಳಗೆ ನೋಡಿ. ಕೆಂಪು ತುಕ್ಕಿನ ಪುಡಿ ಕಂಡರೆ ನೀರು ಹೋಗಿದೆ ಅಂತ ಅರ್ಥ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸ್ವಲ್ಪ ಸುರಿದು ಕೆಲವು ದಿನ ಹಾಗೇ ಬಿಡಿ. ದಿನಾ ಒಂದಿಷ್ಟು ಹಾಕಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಟಾಪ್ ಗೇರ್ ಯಾಕೆಂದರೆ ಅದರಲ್ಲಿ ಚಕ್ರದಿಂದ ಎಂಜಿನ್ ತಿರುಗಿಸುವುದು ಸುಲಭ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಪಿಸ್ಟನ್ ಬಿಡುತ್ತಿದೆ.

ವಾರಗಟ್ಟಲೆ ಎಣ್ಣೆ ಕುಡಿಸಿದರೂ ಮಿಸುಕದಿದ್ದರೆ ಹೆಡ್ ಮತ್ತು ಬ್ಲಾಕ್ ಬಿಚ್ಚಬೇಕು. ಬಿಟ್ಟುಕೊಂಡರೂ ಕೂಡಲೇ ಸ್ಟಾರ್ಟ್ ಮಾಡಬೇಡಿ. ಬೋರಿನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ತುಕ್ಕಿನ ಗೆರೆ ಉಳಿದಿದ್ದರೆ ಹೊಸ ರಿಂಗನ್ನೂ ಅದು ತಿಂದುಹಾಕುತ್ತದೆ. ಹೆಡ್ ಬಿಚ್ಚಿ ಉಗುರಿನಿಂದ ಬೋರ್ ಸವರಿ ನೋಡಿ. ಉಗುರಿಗೆ ಗೆರೆ ತಾಗಿದರೆ ಬೋರಿಂಗ್ ಮಾಡಿಸಬೇಕು. ಅದು ಮನೆ ಕೆಲಸ ಅಲ್ಲ.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ

ಸುಮಾರು ಹತ್ತು ಕಿಕ್ ಹೊಡೆದು, ಸ್ವಿಚ್ ಆಫ್ ಮಾಡಿ ಪ್ಲಗ್ ಬಿಚ್ಚಿ. ತುದಿ ಒಣಗಿದೆಯಾ, ಒದ್ದೆ ಇದೆಯಾ? ಮುಂದಿನ ದಾರಿ ಇಲ್ಲೇ ಕವಲೊಡೆಯುತ್ತದೆ.

*ಪ್ಲಗ್ ಒಣಗಿದ್ದರೆ* ಪೆಟ್ರೋಲ್ ಬರುತ್ತಿಲ್ಲ. ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ, ಕೆಳಗೆ ಗಾಜಿನ ಬಾಟಲಿ ಹಿಡಿದು ಕಾಕ್ ತೆರೆಯಿರಿ. ಧಾರೆ ಸಣ್ಣಗಾಗದೆ ಬರಬೇಕು. ಬಾಟಲಿಯನ್ನು ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಜಾಸ್ತಿ ಹೀರಿದಾಗ ನೀರು, ಎಥನಾಲ್ ಎರಡೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದೂ ಟ್ಯಾಂಕಿನ ತಳದಲ್ಲೇ ಅಲ್ವಾ, ಹಾಗಾಗಿ ಎಂಜಿನ್‌ಗೆ ಮೊದಲು ಹೋಗುವುದು ಅದೇ. ಪೆಟ್ರೋಲಿಗೆ ವಾರ್ನಿಷ್ ತರಹದ ಹುಳಿ ವಾಸನೆ ಇದ್ದರೆ ಅದು ಹಳಸಿದೆ. ಟ್ಯಾಂಕ್ ಖಾಲಿ ಮಾಡಿ ಹೊಸದು ಹಾಕಿ.

ಧಾರೆ ಚೆನ್ನಾಗಿದ್ದರೆ ಕಾರ್ಬೊರೇಟರಿನ ಸರದಿ. ನಿಂತ ಗಾಡಿಯಲ್ಲಿ ಮೊದಲು ಕಟ್ಟಿಕೊಳ್ಳುವುದು ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಜೆಟ್), ಅದರ ತೂತು ಅಷ್ಟು ಸಣ್ಣದು. ತಂತಿ ಚುಚ್ಚಿ ಬಿಡಿಸಬೇಡಿ. ಹಿತ್ತಾಳೆಯ ಜೆಟ್ ಒಳಗೆ ಗೀರಾದರೆ ಅದರ ಅಳತೆಯೇ ಬದಲಾಗುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು.

*ಪ್ಲಗ್ ಒದ್ದೆ ಇದ್ದರೆ* ಪೆಟ್ರೋಲ್ ಬರುತ್ತಿದೆ, ಸ್ಪಾರ್ಕ್ ಬರುತ್ತಿಲ್ಲ ಅಥವಾ ಸಾಲುತ್ತಿಲ್ಲ. ಸ್ಪಾರ್ಕ್ ನೋಡುವ ರೀತಿ ಹೀಗೆ: ಒಣಗಿದ ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಹೆಡ್ಡಿಗೆ ಒತ್ತಿ ಇಡಿ. ಪ್ಲಗ್ ರಂಧ್ರದಿಂದ ಆದಷ್ಟು ದೂರ ಇರಲಿ, ರಂಧ್ರಕ್ಕೆ ಬಟ್ಟೆ ಮುಚ್ಚಿ. ಒಳಗಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಆ ಕಿಡಿಯೇ ಸಾಕು. ಈಗ ಸ್ವಿಚ್ ಹಾಕಿ ಕಿಕ್ ಹೊಡೆಯಿರಿ. ಚಟ್ ಅಂತ ಸದ್ದು ಮಾಡುವ ನೀಲಿ ಕಿಡಿ ಬಂದರೆ ಒಳ್ಳೆಯದು. ಹಳದಿ ಅಥವಾ ಕೆಂಪಗೆ, ಸದ್ದಿಲ್ಲದ ಕಿಡಿ ಅಂದರೆ ಶಕ್ತಿ ಇಲ್ಲ.

ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಆಮೇಲೆ ಕ್ಯಾಪ್. ಕ್ಯಾಪ್ ತೆಗೆದು, ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ವೈರ್ ಹಿಡಿದು, ತುದಿಯನ್ನು ಹೆಡ್ಡಿನಿಂದ ಸುಮಾರು 5 ಮಿ.ಮೀ. ದೂರ ಇಟ್ಟು ಕಿಕ್ ಹೊಡೆಯಿರಿ. ಕ್ಯಾಪ್ ಇಲ್ಲದೆ ಚೆನ್ನಾಗಿ ಕಿಡಿ ಬಂದರೆ ಕ್ಯಾಪ್ ಸತ್ತಿದೆ.

ಆಮೇಲೆ ಪಾಯಿಂಟ್. ನಿಂತ ಗಾಡಿಯಲ್ಲಿ ಅದರ ಮುಖದ ಮೇಲೆ ಬೂದು ಬಣ್ಣದ ಪೊರೆ ಕಟ್ಟಿರುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳು, ಆದರೆ 6 ವೋಲ್ಟಿನ ಕರೆಂಟನ್ನು ತಡೆಯಲು ಅಷ್ಟೇ ಸಾಕು. ಪಾಯಿಂಟ್ ಅರದಿಂದ ಎರಡು ಮೂರು ಸಲ ಎಳೆದು, ಬಿಳಿ ರಟ್ಟಿನ ಚೂರನ್ನು ನಡುವೆ ಎಳೆಯಿರಿ. ರಟ್ಟು ಬೆಳ್ಳಗೆ ಹೊರಬರುವ ತನಕ ಎಳೆಯುತ್ತಿರಿ. ಹೆಚ್ಚಿನ ಹಳೆ ಗಾಡಿಗಳಲ್ಲಿ ಗ್ಯಾಪ್ 0.3ರಿಂದ 0.4 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಳತೆಯನ್ನೇ ಇಟ್ಟುಕೊಳ್ಳಿ.

ಆಂಪಿಯರ್ ಮೀಟರ್ ಇರುವ ಗಾಡಿಗಳಲ್ಲಿ ಬಹಳ ಸೊಗಸಾದ ಒಂದು ಪರೀಕ್ಷೆ ಇದೆ. ಹಳೆ ಬುಲೆಟ್ ಓಡಿಸಿದವರಿಗೆ ಇದು ಚಿರಪರಿಚಿತ. ಲೈಟ್ ಎಲ್ಲ ಆರಿಸಿ, ಸ್ವಿಚ್ ಹಾಕಿ, ಕಿಕ್ಕರನ್ನು ಕಾಲಲ್ಲಿ ಮೆಲ್ಲಗೆ ಒತ್ತುತ್ತಾ ಮುಳ್ಳು ನೋಡಿ. ಪಾಯಿಂಟ್ ಮುಚ್ಚಿದಾಗ ಮುಳ್ಳು ಮೈನಸ್ ಕಡೆ ಸರಿಯುತ್ತದೆ, ತೆರೆದಾಗ ನಡುವಿಗೆ ಬರುತ್ತದೆ. ಹೀಗೆ ಆಡುತ್ತಿದ್ದರೆ ಬ್ಯಾಟರಿಯಿಂದ ಪಾಯಿಂಟ್ ತನಕ ದಾರಿ ಸರಿ ಇದೆ. ಅಲ್ಲಾಡದೆ ನಡುವಲ್ಲೇ ನಿಂತರೆ ಎಲ್ಲೋ ವೈರ್ ಕಡಿದಿದೆ ಅಥವಾ ಪಾಯಿಂಟ್ ಕೊಳೆಯಾಗಿದೆ. ಮೈನಸ್‌ನಲ್ಲೇ ಅಂಟಿಕೊಂಡರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ, ಇಲ್ಲವೇ ಪಾಯಿಂಟಿನ ವೈರ್ ಎಲ್ಲೋ ಗಾಡಿಯ ಲೋಹಕ್ಕೆ ತಾಗುತ್ತಿದೆ. ಒಂದು ಸ್ಕ್ರೂ ಬಿಚ್ಚದೆ ಇಷ್ಟು ತಿಳಿಯುತ್ತದೆ.

*ಸ್ಪಾರ್ಕ್, ಪೆಟ್ರೋಲ್ ಎರಡೂ ಸರಿ ಇದ್ದರೆ* ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಇನ್ನೊಬ್ಬರ ಕೈಯಲ್ಲಿ ಕಿಕ್ ಹೊಡೆಸಿ. ಬೆರಳನ್ನು ತಳ್ಳಿ ಗಾಳಿ ಬರಬೇಕು. ಫೋರ್ ಸ್ಟ್ರೋಕಿನಲ್ಲಿ ಬರದಿದ್ದರೆ ಮೊದಲು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದ ಗ್ಯಾಪ್) ಮತ್ತು ಡಿಕಂಪ್ರೆಸರ್ (ಕಿಕ್ ಹಗುರಾಗಲು ಒತ್ತಡ ಬಿಡುವ ವಾಲ್ವ್) ಕೇಬಲ್ ನೋಡಿ. ಕೇಬಲ್ ಬಿಗಿಯಾಗಿ ಡಿಕಂಪ್ರೆಸರ್ ಸ್ವಲ್ಪ ತೆರೆದೇ ಇರುವುದುಂಟು. ಆಮೇಲೆ ರಂಧ್ರದೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ.

ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ

ಹಳೆ ಗಾಡಿ ಇಟ್ಟವರನ್ನು ಅತಿ ಹೆಚ್ಚು ಕಾಡುವ ದೋಷ ಇದು. ಒಂದಿಷ್ಟು ದೂರ ಹೋದ ಮೇಲೆ ಗಾಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ತಂದರೆ ಎಲ್ಲ ಸರಿ ಇರುತ್ತದೆ. ಆದ್ದರಿಂದ ಇದನ್ನು ಹಿಡಿಯಬೇಕಾದ್ದು ನಿಂತ ಜಾಗದಲ್ಲೇ, ನಿಂತ ಕ್ಷಣದಲ್ಲೇ. ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಂಡು ಹೊರಡಿ. ಜನ, ವಾಹನ ಕಡಿಮೆ ಇರುವ ರಸ್ತೆ ಆರಿಸಿಕೊಳ್ಳಿ.

ಗಾಡಿ ನಿಂತ ತಕ್ಷಣ ಪಕ್ಕಕ್ಕೆ ತೆಗೆದುಕೊಂಡು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬರದೆ ಧಾರೆ ನಿಂತಿರುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ, ಕ್ರೋಮ್ ಮಾಡಿಸಿದ ಗಾಡಿಯಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ. ಇದಕ್ಕೆ ಕಾಸೂ ಖರ್ಚಿಲ್ಲ.

ಗಾಳಿಯ ಸದ್ದು ಬರಲಿಲ್ಲವಾದರೆ ತಡಮಾಡದೆ ಸ್ಪಾರ್ಕ್ ನೋಡಿ. ಎಂಜಿನ್ ಸುಡುತ್ತಿರುತ್ತದೆ, ಕೈಗವಸು ಹಾಕಿಕೊಳ್ಳಿ. ಕಿಡಿ ಮಾಯವಾಗಿದ್ದರೆ ಅಥವಾ ಕೆಂಪಗಾಗಿದ್ದರೆ ಕಂಡೆನ್ಸರ್ ಮೊದಲ ಆರೋಪಿ. ಬಿಸಿಯಾದಾಗ ಅದರ ಒಳಗಿನ ನಿರೋಧಕ ಪದರ ಸೋಲುತ್ತದೆ, ತಣ್ಣಗಾದರೆ ಮತ್ತೆ ಹಿಡಿಯುತ್ತದೆ. ಇದಕ್ಕೆ ಇನ್ನೊಂದು ಗುರುತು ಪಾಯಿಂಟಿನಲ್ಲೇ ಸಿಗುತ್ತದೆ. ನೆರಳಿನಲ್ಲಿ ಎಂಜಿನ್ ಓಡುವಾಗ ಪಾಯಿಂಟ್ ಕಡೆ ನೋಡಿ. ಸಣ್ಣ ನೀಲಿ ಮಿಣುಕು ಸಹಜ. ಪಟಪಟ ಅಂತ ದಪ್ಪ ಬಿಳಿ ಬೆಳಕು ಹಾರುತ್ತಿದ್ದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಹಾಗೇ ಬಿಟ್ಟರೆ ಪಾಯಿಂಟ್ ಸುಟ್ಟು ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಉಬ್ಬು ಏಳುತ್ತದೆ. ಹೊಸ ಕಂಡೆನ್ಸರ್ ಹಾಕಿ ಅದೇ ದಾರಿಯಲ್ಲಿ ಮತ್ತೆ ಹೋಗಿ ಬನ್ನಿ.

ಹೊಸ ಕಂಡೆನ್ಸರಿಗೂ ಬಗ್ಗದಿದ್ದರೆ ಕಾಯಿಲ್ (ಪ್ಲಗ್ಗಿಗೆ ಹೆಚ್ಚಿನ ವೋಲ್ಟ್ ಕೊಡುವ ತಂತಿ ಸುರುಳಿ) ನೋಡಿ. ಮಲ್ಟಿಮೀಟರಿನಲ್ಲಿ ತಣ್ಣಗಿದ್ದಾಗ ಒಮ್ಮೆ, ಗಾಡಿ ನಿಂತಾಗ ಒಮ್ಮೆ ಅಳೆಯಿರಿ. ಬಿಸಿಗೆ ಓಮ್ ಸ್ವಲ್ಪ ಏರುವುದು ಸಹಜ, ಆದರೆ ಒಮ್ಮೆಲೇ ಕಡಿದು ಹೋದಂತೆ ತೋರಿಸಿದರೆ ಒಳಗಿನ ತಂತಿ ಬಿಟ್ಟಿದೆ. ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆ ಸ್ಪಾರ್ಕಿಗೆ ಕರೆಂಟ್ ಹುಟ್ಟಿಸುವ ಭಾಗ) ಇರುವ ಗಾಡಿಗಳಲ್ಲಿ ಅದರ ಆರ್ಮೆಚರಿನ ತಂತಿ ಸುತ್ತು ಹಳತಾಗಿ ಇದೇ ಲಕ್ಷಣ ತೋರುತ್ತದೆ. ಅದನ್ನು ಸುತ್ತಿಸಬೇಕು. ಅನುಭವ ಇರುವವರಿಗೇ ಕೊಡಿ.

ನಿಂತಾಗ ಕಿಡಿಯೂ ಚೆನ್ನಾಗಿದೆ, ಪೆಟ್ರೋಲೂ ಬರುತ್ತಿದೆ, ಆದರೆ ಕಿಕ್ಕರ್ ಸಲೀಸಾಗಿ ಇಳಿಯುತ್ತದೆ ಅನ್ನಿಸಿದರೆ ಕಂಪ್ರೆಷನ್ ಹೋಗಿದೆ. ಫೋರ್ ಸ್ಟ್ರೋಕಿನಲ್ಲಿ ಟ್ಯಾಪೆಟ್ ಬಿಗಿ ಇದ್ದರೆ ಬಿಸಿಗೆ ವಾಲ್ವ್ ಉದ್ದವಾಗಿ ಸೀಟಿನ ಮೇಲೆ ಕೂರುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೈಪಿಡಿಯ ಪ್ರಕಾರ ಟ್ಯಾಪೆಟ್ ಇಡಿ. ಸದ್ದಿಲ್ಲದ ಟ್ಯಾಪೆಟ್ ಅಂದರೆ ಒಳ್ಳೆ ಟ್ಯಾಪೆಟ್ ಅನ್ನುವುದು ತಪ್ಪು ಕಲ್ಪನೆ. ಸಣ್ಣಗೆ ಟಿಕ್ ಟಿಕ್ ಕೇಳಿಸುವುದೇ ವಾಸಿ.

ಟೂ ಸ್ಟ್ರೋಕ್ ಗಾಡಿ ನಿಲ್ಲುವ ಮುಂಚೆ ಯಾರೋ ಹಿಂದಿನಿಂದ ಎಳೆದ ಹಾಗೆ ಬಿಗಿಯಾದರೆ ಅದು ಪಿಸ್ಟನ್ ಜಾಮ್. ತಕ್ಷಣ ಕ್ಲಚ್ ಹಿಡಿಯಿರಿ, ಇಲ್ಲದಿದ್ದರೆ ಹಿಂದಿನ ಚಕ್ರವೇ ಲಾಕ್ ಆಗುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿದ್ದು ಕಡಿಮೆಯಾಯಿತಾ, ಆಯಿಲ್ ಪಂಪ್ ಇರುವ ಗಾಡಿಯಲ್ಲಿ ಪಂಪಿನ ಕೇಬಲ್ ಸರಿ ಇದೆಯಾ, ಎಲ್ಲಾದರೂ ಗಾಳಿ ಸೋರುತ್ತಿದೆಯಾ ಅಂತ ತಿಳಿಯದೆ ಮತ್ತೆ ಓಡಿಸಬೇಡಿ.

ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯುತ್ತಿಲ್ಲ

ಹ್ಯಾಂಡಲ್ ಅತ್ತಿತ್ತ ತಿರುಗಿಸಿ. ತಿರುಗಿಸಿದಾಗ ರೇಸ್ ಏರಿದರೆ ಕೇಬಲ್ ಎಳೆಯುತ್ತಿದೆ. ಇದೊಂದು ಸರಿ ಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಆಮೇಲೆ ಕಾರ್ಬೊರೇಟರಿನ ಸ್ಲೈಡ್ (ಆಕ್ಸಿಲರೇಟರಿಗೆ ಏರಿಳಿಯುವ ಭಾಗ) ಬಿಟ್ಟ ಕೂಡಲೇ ಟಕ್ ಅಂತ ಬೀಳುತ್ತದೆಯಾ ನೋಡಿ.

ಎರಡೂ ಸರಿ ಇದ್ದರೆ ಗಾಳಿ ಸೋರಿಕೆ. ಕಾರ್ಬೊರೇಟರ್ ಮತ್ತು ಎಂಜಿನ್ ಸೇರುವ ಜಾಗಕ್ಕೆ ಸುತ್ತ ದಪ್ಪಗೆ ಗ್ರೀಸ್ ಬಳಿದು ಎಂಜಿನ್ ಓಡಿಸಿ. ಐಡ್ಲಿಂಗ್ ಇಳಿದರೆ ಸೋರಿಕೆ ಅಲ್ಲೇ. ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಪರೀಕ್ಷಿಸುವ ರೂಢಿ ಇದೆ, ಅದಕ್ಕೆ ಬೆಂಕಿ ಹತ್ತುತ್ತದೆ, ಬೇಡ. ಹಳೆ ಅಮಾಲ್ ಕಂಪನಿಯ ಕಾರ್ಬೊರೇಟರುಗಳಲ್ಲಿ ನಟ್ ಅತಿಯಾಗಿ ಬಿಗಿದು ಫ್ಲ್ಯಾಂಜ್ (ಎಂಜಿನ್‌ಗೆ ಕೂರುವ ಚಪ್ಪಟೆ ಅಂಚು) ಬಾಗಿರುವುದು ಬಹಳ ಸಾಮಾನ್ಯ. ಬಿಚ್ಚಿ ಅದರ ಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ಬಾಗಿದೆ. ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಮಟ್ಟವಾಗುವ ತನಕ ನಿಧಾನವಾಗಿ ಉಜ್ಜಿ.

ಟೂ ಸ್ಟ್ರೋಕಿನಲ್ಲಿ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಸುತ್ತ ಇರುವ ರಬ್ಬರ್ ಸೀಲ್) ಗಟ್ಟಿಯಾಗಿ ಗಾಳಿ ಎಳೆದರೂ ಇದೇ ಲಕ್ಷಣ. ಅಂಥ ಎಂಜಿನ್ ಕೆಲವೊಮ್ಮೆ ಸ್ವಿಚ್ ಆಫ್ ಮಾಡಿದರೂ ಕೂಗುತ್ತಾ ಓಡುತ್ತದೆ. ಗಾಬರಿಯಾಗಬೇಡಿ. ಟಾಪ್ ಗೇರಿಗೆ ಹಾಕಿ, ಎರಡೂ ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಡಿ. ನಿಂತುಬಿಡುತ್ತದೆ. ಸೀಲ್ ಬದಲಾಯಿಸದೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಗಾಳಿ ಹೆಚ್ಚಾದ ಎಂಜಿನ್ ಪಿಸ್ಟನ್ನನ್ನೇ ತೂತು ಮಾಡಬಲ್ಲದು.

ಹೊಗೆ ಜಾಸ್ತಿ

ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ. ಚೋಕ್ ಮುಚ್ಚಿಕೊಂಡೇ ಇದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ, ಕಾರ್ಬೊರೇಟರ್ ಓವರ್‌ಫ್ಲೋ ಆಗುತ್ತಿದೆಯಾ ನೋಡಿ. ಕಾರ್ಬೊರೇಟರಿನೊಳಗೆ ತೇಲುವ ಹಿತ್ತಾಳೆ ಫ್ಲೋಟನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ತೂತಾಗಿದೆ. ಒಳಗೆ ಪೆಟ್ರೋಲ್ ಇರುವಾಗ ಅದಕ್ಕೆ ಬೆಸುಗೆ ಹಾಕಲು ಹೋಗಬೇಡಿ, ಸಿಡಿಯುತ್ತದೆ.

ನೀಲಿ ಹೊಗೆ ಆಯಿಲ್ ಸುಡುವುದರ ಗುರುತು. ಫೋರ್ ಸ್ಟ್ರೋಕಿನಲ್ಲಿ ಅದು ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ. ರೇಸ್ ಕೊಟ್ಟು ಎಳೆಯುವಾಗ ಬಂದರೆ ರಿಂಗ್, ಬೋರ್. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಹೋಗಿ ಮತ್ತೆ ಕೊಟ್ಟಾಗ ಬುಸ್ ಅಂತ ಬಂದರೆ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ). ಬಹಳ ದಿನ ನಿಂತ ಬ್ರಿಟಿಷ್ ಗಾಡಿ ಸ್ಟಾರ್ಟ್ ಆದ ಕೂಡಲೇ ದಟ್ಟ ಹೊಗೆ ಬಿಟ್ಟು ಆಮೇಲೆ ಸರಿಹೋದರೆ ಹೆದರಬೇಕಿಲ್ಲ. ಆಯಿಲ್ ಟ್ಯಾಂಕ್ ಬೇರೆ ಇರುವ ಎಂಜಿನ್‌ಗಳಲ್ಲಿ ಪಂಪಿನ ಮೂಲಕ ಆಯಿಲ್ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿದು ತುಂಬಿರುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಅದನ್ನು ಇಳಿಸಿ, ಟ್ಯಾಂಕಿನ ಮಟ್ಟ ನೋಡಿಕೊಳ್ಳಿ.

ಟೂ ಸ್ಟ್ರೋಕ್‌ಗೆ ಒಂದಿಷ್ಟು ಹೊಗೆ ಹುಟ್ಟುಗುಣ. ಬಿಸಿಯಾದ ಮೇಲೂ ಬಿಡದೆ ದಟ್ಟವಾಗಿ ಬಂದು, ಗೇರ್ ಆಯಿಲ್ ದಿನೇ ದಿನೇ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತಿದೆ.

ಕಿಕ್ಕರ್ ಹಿಂದಕ್ಕೆ ಕಾಲಿಗೆ ಹೊಡೆಯುತ್ತದೆ

ಸ್ಪಾರ್ಕ್ ಬೇಗ ಬರುತ್ತಿದೆ. ಚಪ್ಪಲಿಯಲ್ಲಿ ಕಿಕ್ ಹೊಡೆಯಬೇಡಿ, ಹಿಮ್ಮಡಿ, ಕಣಕಾಲು ಮುಚ್ಚುವ ಶೂ ಬೇಕು. ದೊಡ್ಡ ಸಿಂಗಲ್ ಸಿಲಿಂಡರ್ ಗಾಡಿ ಮೂಳೆ ಮುರಿಯಬಲ್ಲದು. ಮೊದಲು ಪಾಯಿಂಟ್ ಗ್ಯಾಪ್ ಅಳೆಯಿರಿ. ಗ್ಯಾಪ್ ಹೆಚ್ಚಾದಷ್ಟೂ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಆಮೇಲೆ ಆಟೊ ಅಡ್ವಾನ್ಸ್ (ವೇಗ ಏರಿದಂತೆ ಸ್ಪಾರ್ಕನ್ನು ಬೇಗ ತರುವ ಭಾಗ) ಇರುವ ಗಾಡಿಯಲ್ಲಿ ಅದರ ತೂಕದ ಗುಂಡುಗಳು ತುಕ್ಕಿಗೆ ಅಂಟಿ ಹೊರಗೇ ನಿಂತಿವೆಯಾ ನೋಡಿ. ಕೈಯಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆದು ಹಿಂದಕ್ಕೆ ಬರಬೇಕು.

ಲೈಟ್ ಮಂಕು, ಹಾರ್ನ್ ಗೊರಗೊರ

ಹೊಸ ವೈರಿಂಗ್ ಹಾಕಿಸುವ ಮೊದಲು ಅರ್ಥ್ (ಚಾಸಿಗೆ ಕೂರುವ ವೈರಿನ ಜಾಯಿಂಟ್) ನೋಡಿ. 6 ವೋಲ್ಟಿನ ಗಾಡಿಯಲ್ಲಿ 35 ವಾಟ್ ಬಲ್ಬಿಗೆ ಸುಮಾರು 6 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ ಅದರ ಅರ್ಧ ಸಾಕು. ಹಾಗಾಗಿ ತುಕ್ಕು ಹಿಡಿದ ಒಂದು ಜಾಯಿಂಟ್ ಒಂದು ವೋಲ್ಟ್ ತಿಂದರೂ 6 ವೋಲ್ಟಿನಲ್ಲಿ ಆರನೇ ಒಂದು ಭಾಗ ಹೋಯಿತು. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಚಾಸಿಯಲ್ಲಿ ಬಣ್ಣವೇ ಕರೆಂಟನ್ನು ತಡೆಯುತ್ತದೆ. ಅರ್ಥ್ ಬೋಲ್ಟ್ ಕೂರುವ ಜಾಗದಲ್ಲಿ ಲೋಹ ಹೊಳೆಯುವ ತನಕ ಕೆರೆಯಿರಿ. ಬ್ಯಾಟರಿ ಕೂರಿಸುವಾಗ ಎಚ್ಚರ: ಅನೇಕ ಹಳೆ ಬ್ರಿಟಿಷ್ ಗಾಡಿಗಳಲ್ಲಿ ಚಾಸಿಗೆ ಹೋಗುವುದು ಪ್ಲಸ್. ಅದಲು ಬದಲಾದರೆ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಸುಡುತ್ತದೆ.

ಬ್ರೇಕ್ ಹಿಡಿಯುತ್ತಿಲ್ಲ

ಎಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ಇದನ್ನು ಮರೆತು ರಸ್ತೆಗೆ ಇಳಿಯುವವರು ಜಾಸ್ತಿ, ನನಗೆ ನಿಜಕ್ಕೂ ಭಯ ಆಗುವುದು ಇಲ್ಲೇ. ಕೇಬಲ್ ತುದಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಬದಲಾಯಿಸಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಲೈನರ್ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಹಿಡಿತ ಇರಲ್ಲ. ಆಯಿಲ್ ಕುಡಿದಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಹೊಸದೇ ಬೇಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಹುಡುಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್, ಟೈರಿನ ಗಾಡಿ ಎಷ್ಟೇ ಆಳ ಇರಲಿ ಅದರ ಮೇಲೆ ಓಡಿಸಬೇಡಿ.

ಕೈ ನಿಲ್ಲಿಸಬೇಕಾದ ಸದ್ದುಗಳು

ತಣ್ಣಗಿದ್ದಾಗ ಟಪಟಪ ಅಂದು ಬಿಸಿಯಾದಾಗ ನಿಲ್ಲುವ ಪಿಸ್ಟನ್ ಸದ್ದಿನೊಂದಿಗೆ ಬಹಳ ಕಾಲ ಓಡಿಸಬಹುದು. ಆದರೆ ಎಂಜಿನ್ನಿನ ಕೆಳಭಾಗದಿಂದ, ಭಾರ ಎಳೆಯುವಾಗ ದಡ್ ದಡ್ ಅಂತ ಆಳದ ಸದ್ದು ಬಂದರೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬೇರಿಂಗ್). ಅಲ್ಲೇ ಆಫ್ ಮಾಡಿ, ಮನೆಗೆ ತಳ್ಳಿಕೊಂಡು ಬನ್ನಿ. ಕ್ರ್ಯಾಂಕ್ ಬಿಡಿಸಿ ಸೇರಿಸಲು ಪ್ರೆಸ್ ಬೇಕು, ಸೇರಿಸಿದ್ದು ನೇರ ಇದೆಯಾ ನೋಡಲು ಡಯಲ್ ಗೇಜ್ ಬೇಕು, ಅದನ್ನು ಓದಲು ಬಲ್ಲ ಕೈ ಬೇಕು. ಅಂಥವರಿಗೆ ಎಂಜಿನ್ ಕೊಡುವಾಗ ಸುಮ್ನೆ ಇಟ್ಟು ಬರಬೇಡಿ. ಸದ್ದು ಯಾವಾಗ, ಯಾವ ವೇಗದಲ್ಲಿ, ಬಿಸಿಗೋ ತಣ್ಣಗಿದ್ದಾಗಲೋ, ನೀವು ಈಗಾಗಲೇ ಏನೇನು ಬದಲಾಯಿಸಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. ಬಿಚ್ಚಿದ ವಾಷರ್, ಶಿಮ್‌ಗಳನ್ನು ಯಾವ ಕಡೆಯದು ಅಂತ ಬರೆದ ಬೇರೆ ಬೇರೆ ಕವರಿನಲ್ಲಿ ಹಾಕಿಡಿ.